ಎರಡೂ ಇಪ್ಪತ್ತಕ್ಕೆ ಹೊರಟರೆ ಸಾಕು

"ಸಹಿ ಹಾಕೋ ಮುಂಚೆ ಒಂದೇ ನಿಮಿಷ ಡಾಕ್ಟ್ರೇ," ಎಂದ ಅತ್ತೆ ಕಾಗದದ ಮೇಲೆ ತಮ್ಮ ಅಂಗೈ ಊರಿಬಿಟ್ಟರು.

ಹಲ್ಲಿನ ಡಾಕ್ಟರ ಪೆನ್ನು ಅರ್ಧದಲ್ಲೇ ನಿಂತಿತು. ಬಂದರಿನ ಇನ್ಸ್‌ಪೆಕ್ಟರು ಗೋಡೆಯ ಗಡಿಯಾರದತ್ತ ನೋಡಿದರು. ಹತ್ತೂ ಮುಕ್ಕಾಲು. ಕೌಂಟರಿನ ಹಿಂದಿದ್ದ ಪುಟ್ಟಿ ಅತ್ತೆಯ ತೋಳು ಹಿಡಿದು ಜಗ್ಗಿದಳು.

"ಅತ್ತೆ, ಬೇಡ. ಸಹಿ ಹಾಕಿ ಹೋಗ್ಲಿ ಬಿಡು."

"ಬಿಡು ಅಂದ್ರೆ? ನಿನ್ನ ಅಂಗಡಿನೂ ಅದರ ಜೊತೆಗೇ ಹೋಗುತ್ತೆ, ತಿಳೀತಾ?"

ಅದು ನಿಜವೇ. ಹದಿನೆಂಟು ದಿನದ ಹಿಂದೆ, ಒಂದು ಗುರುವಾರ, ಇಂದು ಬಂದರಿನಲ್ಲಿ ನಿಂತಿದ್ದ ಪ್ರವಾಸಿ ಹಡಗಿನಿಂದಲೇ ಇಳಿದ ಸಂಗೀತದ ಟೀಚರೊಬ್ಬರು ಪುಟ್ಟಿಯ ಅಂಗಡಿಯಲ್ಲಿ ಕಾರು ಬಾಡಿಗೆಗೆ ಹಿಡಿದು ಒಬ್ಬರೇ ಬೆಟ್ಟದ ಕಡೆ ಹೋದವರು ತಿರುಗಿ ಬರಲಿಲ್ಲ. ಕಾರು ಮಾತ್ರ ಸಿಕ್ಕಿತು. ವ್ಯೂ ಪಾಯಿಂಟಿನ ಮೋಟುಗೋಡೆಗೆ ಮೂತಿ ಗುದ್ದಿಕೊಂಡು, ಬಾಗಿಲು ತೆರೆದುಕೊಂಡು ನಿಂತಿತ್ತು. ಗೋಡೆಯ ಆಚೆ ಕಣಿವೆ, ಕಣಿವೆಯ ತಳದಲ್ಲಿ ನದಿ. ಬ್ರೇಕು ಹಿಡಿದಿಲ್ಲ, ಕಾರು ಗುದ್ದಿದೆ, ಹೆಂಗಸು ಗಾಬರಿಯಲ್ಲಿ ಇಳಿದು ಕಾಲು ಜಾರಿದ್ದಾರೆ ಎಂದು ಪೊಲೀಸರು ಬರೆದುಕೊಂಡಿದ್ದರು. ಇಂದು ಹಡಗು ಮತ್ತೆ ಇದೇ ಬಂದರಿಗೆ ಬಂದಿತ್ತು. ಟೀಚರ ತಮ್ಮ, ಈ ಹಲ್ಲಿನ ಡಾಕ್ಟರು, ಆ ಬರಹಕ್ಕೆ ಒಪ್ಪಿ ಸಹಿ ಹಾಕಿದರೆ ಅವರಿಗೆ ಅಕ್ಕನ ಸಾವಿನ ಪತ್ರ ಸಿಗುತ್ತಿತ್ತು. ಬ್ರೇಕು ಕೆಟ್ಟ ಕಾರು ಕೊಟ್ಟಳೆಂದು ಪುಟ್ಟಿಯ ಅಂಗಡಿಯ ಲೈಸೆನ್ಸು ರದ್ದಾಗುತ್ತಿತ್ತು.

ಪುಟ್ಟಿ ಅತ್ತೆಯ ತಮ್ಮನ ಮಗಳು. ವಯಸ್ಸು ಮೂವತ್ತೆರಡಾದರೂ ಅತ್ತೆಗೆ ಅವಳು ಪುಟ್ಟಿಯೇ. ಅವಳು ಹುಟ್ಟುವ ಮುಂಚಿನಿಂದ ಅತ್ತೆ ಬಸ್ ಡಿಪೋದಲ್ಲಿ ಕೂತು ವೇಳಾಪಟ್ಟಿ ಬರೆದವರು. ಮೂವತ್ತೊಂದು ವರ್ಷ ಅದೇ ಕುರ್ಚಿ, ಅದೇ ಸ್ಕೇಲು. ಯಾವ ಬಸ್ಸು ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ಏದುಸಿರು ಬಿಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಿವೃತ್ತಿಯಾದ ಮಾರನೇ ದಿನವೇ ಬಂದು ಈ ಅಂಗಡಿಯ ಮೂಲೆಯ ಮೇಜು ಹಿಡಿದಿದ್ದರು. ಹಡಗಿನಿಂದ ಇಳಿದು ಕಾರು ಕೇಳುವವರಿಗೆ ಒಂದು ದಿನದಲ್ಲಿ ಏನೇನು ನೋಡಿ, ಹಡಗು ಹೊರಡುವ ಮುಂಚೆ ಹೇಗೆ ತಿರುಗಿ ಬರಬೇಕು ಎಂದು ಹಾಳೆಯ ಮೇಲೆ ಬರೆದು ಕೊಡುವುದು ಅವರ ಕೆಲಸ. ಬಂದರಿನ ಕೂಲಿಯಿಂದ ಹಿಡಿದು ಕಸ್ಟಮ್ಸ್ ಸಾಹೇಬರವರೆಗೆ ಎಲ್ಲರಿಗೂ ಅವರು ಟೈಮ್‌ಟೇಬಲ್ ಅತ್ತೆ.

ಟೀಚರಿಗೆ ಆ ದಿನದ ಹಾಳೆ ಬರೆದುಕೊಟ್ಟವರೂ ಅವರೇ. ಅದೊಂದೇ ಅವರನ್ನು ಹದಿನೆಂಟು ದಿನದಿಂದ ಚುಚ್ಚುತ್ತಿತ್ತು. ಅವರ ಹಾಳೆ ಹಿಡಿದು ಹೋದ ಯಾರೂ ಇದುವರೆಗೆ ಹಡಗು ತಪ್ಪಿಸಿಕೊಂಡಿರಲಿಲ್ಲ.

"ಏನಮ್ಮಾ ವಿಷಯ?" ಇನ್ಸ್‌ಪೆಕ್ಟರು ಕೇಳಿದರು. ಅವರು ಒಳ್ಳೆಯವರು, ಆದರೆ ಫೈಲು ಮುಚ್ಚುವುದರಲ್ಲಿ ಇನ್ನೂ ಒಳ್ಳೆಯವರು.

"ವಿಷಯ ಏನಿಲ್ಲ. ಇವರ ಹಡಗು ಹೊರಡೋದು ಸಂಜೆ ಐದಕ್ಕೆ. ನಾಲ್ಕೂವರೆಗೆ ಏಣಿ ಎತ್ತುತ್ತಾರೆ. ಇನ್ನೂ ಹತ್ತಿರ ಹತ್ತಿರ ಆರು ಗಂಟೆ ಇದೆ. ಒಡಹುಟ್ಟಿದ ಅಕ್ಕ ಕೊನೇದಾಗಿ ನೋಡಿದ ಜಾಗಕ್ಕೆ ಒಂದು ಸಲ ಹೋಗಿ ಬರಬೇಡವಾ? ಕಾರು ನಮ್ಮದು. ದಾರಿ ನಾನು ಬರೆದುಕೊಡ್ತೀನಿ."

ಡಾಕ್ಟರು ಬಿಳಿ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಐವತ್ತರ ಆಸುಪಾಸು. ಮೆತ್ತಗಿನ ದನಿ. ಸ್ವಲ್ಪವೂ ನೋವಾಗುವುದಿಲ್ಲ ಎಂದು ದಿನಕ್ಕೆ ಮೂವತ್ತು ಸಲ ಹೇಳಿ ಹೇಳಿ ಪಳಗಿದ ದನಿ.

"ನನಗೆ ಈ ಕಡೆ ದಾರಿ ಗೊತ್ತಿಲ್ಲಮ್ಮಾ. ಈ ನೆಲ ಮೆಟ್ಟಿರೋದೇ ಇವತ್ತು. ಆವತ್ತು ಹೊಟ್ಟೆ ಕೆಟ್ಟು ಹಡಗಲ್ಲೇ ಮಲಗಿದ್ದೆ."

"ಹೌದು," ಎಂದರು ಇನ್ಸ್‌ಪೆಕ್ಟರು. "ಹಡಗಿನವರು ದಾಖಲೆ ಕಳಿಸಿದ್ದಾರೆ. ಇಳಿಯೋರೆಲ್ಲ ಬಾಗಿಲಲ್ಲಿ ಕಾರ್ಡು ತೋರಿಸಲೇಬೇಕು. ಇವರ ಕಾರ್ಡು ಆ ದಿನ ಹೊರಗೆ ಬಂದೇ ಇಲ್ಲ."

"ದಾರಿ ಗೊತ್ತಿಲ್ಲದೋರಿಗೇ ಅಲ್ವಾ ನಾನು ಬರೆದುಕೊಡೋದು," ಎಂದು ಅತ್ತೆ ಆಗಲೇ ಕುರ್ಚಿ ಎಳೆದು ಹಾಕಿದ್ದರು. "ಕೂತ್ಕೊಳ್ಳಿ."

ಇನ್ಸ್‌ಪೆಕ್ಟರು ಎದುರಿಗಿದ್ದರು. ಅಕ್ಕ ಸತ್ತ ಜಾಗ ನೋಡಲು ಒಲ್ಲೆ ಎನ್ನುವುದು ಚೆನ್ನಾಗಿ ಕಾಣುವುದಿಲ್ಲ. ಡಾಕ್ಟರು ಕೂತರು. ಪುಟ್ಟಿ ಮುಖ ತಿರುಗಿಸಿಕೊಂಡು ಕೀಲಿಕೈಗಳ ಹಲಗೆಯ ಮುಂದೆ ಹೋಗಿ ನಿಂತಳು.

ಮೇಜಿನ ಗಾಜಿನ ಕೆಳಗೆ ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ ನಕ್ಷೆ ಹರಡಿತ್ತು. ಅತ್ತೆ ಹೊಸ ಹಾಳೆಯೊಂದನ್ನು ಎಳೆದುಕೊಂಡು, ಸ್ಕೇಲಿಟ್ಟು ಮೂರು ಗೆರೆ ಎಳೆದರು. ಜಾಗ, ತಲುಪುವ ಹೊತ್ತು, ಹೊರಡುವ ಹೊತ್ತು.

"ಹನ್ನೊಂದೂ ಕಾಲಿಗೆ ಇಲ್ಲಿಂದ ಹೊರಡ್ತೀರ. ಬಂದರಿನ ಗೇಟು ದಾಟಿದ ಮೇಲೆ ಪೇಟೆ ಒಳಗೆ ಹೋಗಬೇಡಿ, ಲಾರಿಗಳ ಹಿಂದೆ ಸಿಕ್ಕಿಹಾಕ್ಕೊಳ್ತೀರ. ಸಮುದ್ರ ಬಿಡಬೇಡಿ. ಉಪ್ಪಿನ ಗದ್ದೆ ಹತ್ರ ಕಣ್ಣು ಕುಕ್ಕುತ್ತೆ, ಕಪ್ಪು ಕನ್ನಡಕ ಇದೆ ತಾನೇ?"

"ಇದೆ."

"ಆಮೇಲೆ ಪೆಟ್ರೋಲ್ ಬಂಕು. ಅದು ಬಿಟ್ಟರೆ ಬೆಟ್ಟದ ತುದಿವರೆಗೆ ಇನ್ನೊಂದಿಲ್ಲ. ಟಾಯ್ಲೆಟ್ಟೂ ಅಲ್ಲೇ. ನಾಚಿಕೆ ಪಟ್ಟುಕೊಂಡು ಮುಂದೆ ಹೋದೋರು ಪಟ್ಟ ಪಾಡು ನಾನು ಕೇಳಿದ್ದೀನಿ."

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. ಡಾಕ್ಟರ ಭುಜ ಸಡಿಲವಾಯಿತು. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ನಕ್ಷೆ ನೋಡತೊಡಗಿದರು. ಹಲ್ಲು ಕೀಳಿಸಿಕೊಳ್ಳಲು ಬಂದವರನ್ನು ಇವರು ಮಾತಿಗೆ ಎಳೆಯುವುದೂ ಹೀಗೆಯೇ ಇರಬೇಕು ಎಂದುಕೊಂಡ ಅತ್ತೆಗೆ ಒಳಗೊಳಗೇ ನಗು ಬಂತು. ಆದರೆ ಅವರ ಕೈ ನಿಲ್ಲಲಿಲ್ಲ.

"ಇಲ್ಲಿಂದ ವ್ಯೂ ಪಾಯಿಂಟಿಗೆ ಒಂದೂ ಮುಕ್ಕಾಲು ಗಂಟೆ. ಸರಿಯಾಗಿ ಒಂದು ಗಂಟೆಗೆ ನೀವಲ್ಲಿ. ಟೀಚರಿಗೆ ನಾನು ದೀಪಸ್ತಂಭ, ಕೆರೆ ದಂಡೆ ಎರಡೂ ಸೇರಿಸಿದ್ದೆ, ಅವರು ಬೆಳಿಗ್ಗೆ ಒಂಬತ್ತಕ್ಕೇ ಹೊರಟಿದ್ರು. ಇನ್ಸ್‌ಪೆಕ್ಟ್ರೇ, ಆ ಹಾಳೆ ಒಂದು ಸಲ ಕೊಡ್ತೀರಾ?"

ಕಾರಿನಲ್ಲಿ ಸಿಕ್ಕ ಸಾಮಾನೆಲ್ಲ ಮೇಜಿನ ಮೇಲೇ ಇತ್ತು. ಉಣ್ಣೆಯ ಶಾಲು, ಕನ್ನಡಕದ ಡಬ್ಬಿ, ಗಿಡ್ಡನೆಯ ಪೆನ್ಸಿಲು, ನಾಲ್ಕಾಗಿ ಮಡಿಸಿದ ಹಾಳೆ. ಅತ್ತೆ ಹಾಳೆಯನ್ನು ಬಿಡಿಸಿ ಗಾಜಿನ ಮೇಲೆ ಸಪಾಟಾಗಿ ಸವರಿದರು. ತಮ್ಮದೇ ಕೈಬರಹ. ಅದರ ಪಕ್ಕದಲ್ಲಿ ಟೀಚರು ಹಾಕಿಕೊಂಡ ಗುರುತುಗಳು.

"ನೋಡಿ. ಉಪ್ಪಿನ ಗದ್ದೆ, ಪೆನ್ಸಿಲಿನಲ್ಲಿ ರೈಟು ಗುರುತು, ಪಕ್ಕದಲ್ಲಿ ಒಂಬತ್ತು ನಲವತ್ತು. ದೀಪಸ್ತಂಭ, ರೈಟು ಗುರುತು, ಹತ್ತು ಇಪ್ಪತ್ತೈದು. ಕೆರೆ ದಂಡೆ, ರೈಟು ಗುರುತು, ಹನ್ನೊಂದು ಐವತ್ತು. ಹಾಜರಿ ಪುಸ್ತಕ ತುಂಬಿಸಿ ಅಭ್ಯಾಸ ಆದ ಕೈ. ಈಗ ವ್ಯೂ ಪಾಯಿಂಟು ನೋಡಿ."

ಇನ್ಸ್‌ಪೆಕ್ಟರು ಬಗ್ಗಿದರು. "ಇಲ್ಲೂ ರೈಟು ಗುರುತಿದೆ."

"ಹೊತ್ತು ಬರೆದಿಲ್ಲ. ಅದೂ ಅಲ್ಲದೆ ಇದು ಪೆನ್ನಿನ ಶಾಯಿ. ಕಾರಿನಲ್ಲಿ ಪೆನ್ನು ಸಿಕ್ಕಿತಾ?"

"ಇಲ್ಲ."

"ಪೆನ್ಸಿಲ್ ಮೊನೆ ಮುರಿದಿರಬಹುದು," ಎಂದರು ಡಾಕ್ಟರು ಥಟ್ಟನೆ. "ಪೆನ್ನು ಅಕ್ಕನ ಕೈಯಲ್ಲೇ ಇದ್ದು, ಅವಳ ಜೊತೆಗೇ..." ಮಾತು ಮುಗಿಸದೆ ಕಣ್ಣು ಮುಚ್ಚಿಕೊಂಡರು.

ಅತ್ತೆ ಗಿಡ್ಡ ಪೆನ್ಸಿಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮೊನೆ ಸೂಜಿಯ ಹಾಗಿತ್ತು. ಅದನ್ನು ಇನ್ಸ್‌ಪೆಕ್ಟರ ಮುಂದೆ ಇಟ್ಟರು. ಕಿಟಕಿಯಾಚೆ, ಮೂರು ಬಾಡಿಗೆ ಕಾರುಗಳ ಬೆನ್ನಿಗೆ, ಬಿಳಿ ಹಡಗು ಏಳು ಮಹಡಿಯ ಆಸ್ಪತ್ರೆಯಂತೆ ನಿಂತಿತ್ತು.

"ಅದು ಹಾಗಿರಲಿ," ಎಂದರು ಅತ್ತೆ. "ನಿಮ್ಮ ದಾರಿ ಮುಗಿಸೋಣ. ವ್ಯೂ ಪಾಯಿಂಟಲ್ಲಿ ಒಂದು ಗಂಟೆಯ ಮೇಲೆ ಇಪ್ಪತ್ತು ನಿಮಿಷ ಇರ್ತೀರ. ಹೂವು ಇಡಬೇಕು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು ಅನ್ಸುತ್ತೆ. ಎರಡೂ ಇಪ್ಪತ್ತಕ್ಕೆ ಹೊರಟರೆ ಸಾಕು. ನಾಲ್ಕೂ ಐದಕ್ಕೆ ಹಡಗಿನ ಬುಡದಲ್ಲಿ ಇರ್ತೀರ."

ಹಾಳೆಯಲ್ಲಿ ಹಾಗೆಯೇ ಬರೆದರು. ಅಂಕಿಗಳು ಮುದ್ದಾಗಿ ಮೂಡಿದವು.

ಡಾಕ್ಟರು ಆ ಅಂಕಿಯನ್ನೇ ನೋಡುತ್ತಿದ್ದರು. "ಎರಡೂ ಇಪ್ಪತ್ತು ಅಂದ್ರೆ ತಡ ಆಗಲ್ವಾ?"

"ಯಾಕೆ? ಒಂದೂ ಮುಕ್ಕಾಲು ಗಂಟೆ ದಾರಿ. ಮೇಲೆ ಇಪ್ಪತ್ತೈದು ನಿಮಿಷ ಕೈಯಲ್ಲಿ ಉಳಿಯುತ್ತೆ."

"ಅಷ್ಟು ಸಾಲದು. ಒಂದೂ ಮುಕ್ಕಾಲಿಗೇ ಹೊರಡ್ತೀನಿ ಅಂತ ಬರೀರಿ."

"ಅಯ್ಯೋ, ಅಷ್ಟು ದೂರ ಹೋಗಿ ನಲವತ್ತೈದು ನಿಮಿಷಕ್ಕೆ ವಾಪಸ್ಸಾ? ಇಳಿಜಾರು ದಾರಿ, ಡಾಕ್ಟ್ರೇ. ಮಧ್ಯಾಹ್ನ ಒಂದು ನರಪಿಳ್ಳೆ ಅಡ್ಡ ಬರಲ್ಲ. ನನ್ನ ಲೆಕ್ಕ ತಪ್ಪಿದ್ದಿಲ್ಲ."

ಅತ್ತೆ ಬೇಕೆಂದೇ ಪೆನ್ನಿನ ಮುಚ್ಚಳ ಹಾಕಿದರು, ಹಾಳೆ ಮಡಿಸಲು ಹೊರಟರು. ಒಮ್ಮೆ ಬಸ್ಸು ತಪ್ಪಿಸಿಕೊಂಡವನು ಆಮೇಲೆ ಅರ್ಧ ಗಂಟೆ ಮುಂಚೆ ಬಂದು ನಿಲ್ಲುತ್ತಾನೆ, ಕೂದಲೆಳೆಯಲ್ಲಿ ಬಸ್ಸು ಹಿಡಿದವನು ಒಂದು ಗಂಟೆ ಮುಂಚೆ ಬರುತ್ತಾನೆ. ಮೂವತ್ತೊಂದು ವರ್ಷ ಅವರು ಇದನ್ನೇ ನೋಡಿದ್ದರು. ಈ ಮನುಷ್ಯನ ಹಣೆಯ ಮೇಲೆ ಬೆವರು ಮೂಡುತ್ತಿತ್ತು.

"ನಿಮ್ಮ ಲೆಕ್ಕ ಸರಿ ಇರಬಹುದಮ್ಮಾ," ಡಾಕ್ಟರ ಮೆತ್ತನೆಯ ದನಿ ಮೊದಲ ಸಲ ಒರಟಾಯಿತು. "ಗೇಟು ಹಾಕಿಬಿಟ್ಟರೆ? ಅರ್ಧ ಗಂಟೆ ಅಲ್ಲೇ ಕಾಯಬೇಕು. ಆಮೇಲೆ ಹಡಗು ನಿಲ್ಲಿಸಿಕೊಳ್ಳೋರು ನೀವಾ?"

ಅತ್ತೆ ಮಡಿಸುತ್ತಿದ್ದ ಹಾಳೆಯನ್ನು ನಿಧಾನವಾಗಿ ಮತ್ತೆ ಬಿಡಿಸಿದರು.

"ಯಾವ ಗೇಟು?"

"ಅದೇ... ರೈಲ್ವೆ ಗೇಟು."

"ಎಲ್ಲಿದೆ, ತೋರಿಸಿ." ಅತ್ತೆ ಕೆಂಪು ಪೆನ್ಸಿಲನ್ನು ಅವರ ಕೈಗೇ ಕೊಟ್ಟರು.

ಡಾಕ್ಟರು ನಕ್ಷೆ ನೋಡಿದರು. ಕರಾವಳಿಯ ಉದ್ದಕ್ಕೂ ನೋಡಿದರು, ಬೆಟ್ಟದವರೆಗೂ ನೋಡಿದರು. ಅಚ್ಚಾದ ನಕ್ಷೆಯಲ್ಲಿ ರೈಲಿನ ಗೆರೆಯೇ ಇರಲಿಲ್ಲ.

ಇನ್ಸ್‌ಪೆಕ್ಟರು ಕಾಲ ಮೇಲಿದ್ದ ಕಾಲು ಕೆಳಗಿಳಿಸಿದರು. "ಡಾಕ್ಟ್ರೇ, ನಿಮಗೆ ಗೇಟಿನ ವಿಷಯ ಹೇಳಿದ್ದು ಯಾರು?"

"ಅಕ್ಕ." ಉತ್ತರಕ್ಕೆ ತಡವಾಗಲಿಲ್ಲ. "ಆವತ್ತು ದಾರಿಯಿಂದ ಫೋನ್ ಮಾಡಿದ್ಲು. ಗೇಟು ಹಾಕಿದ್ದಾರೆ, ಕಾಯ್ತಾ ಕೂತಿದ್ದೀನಿ, ಬೇಜಾರು ಅಂದ್ಲು. ದುಃಖದಲ್ಲಿ ಮರೆತಿದ್ದೆ, ಈಗ ನೆನಪಾಯ್ತು."

"ಒಳ್ಳೇದಾಯ್ತು ನೆನಪಾಗಿದ್ದು," ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಕಿ ಅಂಕಿಗೆ ಕೂಡಿಬಂದ ಪಟ್ಟಿಯ ಮುಂದೆ ಕೂತಷ್ಟೇ ನೆಮ್ಮದಿ ಇತ್ತು. "ಇನ್ಸ್‌ಪೆಕ್ಟ್ರೇ, ಅದು ಕಲ್ಲುಕ್ವಾರಿಯ ರೈಲು. ಹಳಿ ಮೇಲೆಲ್ಲ ಹುಲ್ಲು ಬೆಳೆದಿದೆ, ನೋಡಿದೋರಿಗೆ ಹಳಿ ಅಂತಾನೂ ಗೊತ್ತಾಗಲ್ಲ. ಗೇಟಿನ ಕಂಬ ವಾರವೆಲ್ಲ ನೆಟ್ಟಗೆ ನಿಂತಿರುತ್ತೆ, ದೀಪದ ಕಂಬದ ಥರ. ಗೇಟಿನೋನು ಸೈಕಲ್ ಮೇಲೆ ಬರೋದು ವಾರಕ್ಕೆ ಒಂದೇ ಸಲ. ಗುರುವಾರ. ಮಧ್ಯಾಹ್ನ ಮೂರೂ ಇಪ್ಪತ್ತೈದಕ್ಕೆ ಗೇಟು ಹಾಕಿ, ಕಲ್ಲಿನ ಗಾಡಿ ಹಿಂದೆ ಮುಂದೆ ಮಾಡಿ ಮುಗಿಸಿ, ಮೂರೂ ಐವತ್ತೈದಕ್ಕೆ ತೆಗೀತಾನೆ. ನಾನು ಡಿಪೋದಲ್ಲಿದ್ದಾಗ ಆ ಗುರುವಾರದ ಅರ್ಧ ಗಂಟೆಗೋಸ್ಕರ ಒಂದು ಬಸ್ಸಿನ ಹೊತ್ತನ್ನೇ ಬದಲಾಯಿಸಿದ್ದೆ."

"ಇವತ್ತು ಸೋಮವಾರ," ಎಂದರು ಇನ್ಸ್‌ಪೆಕ್ಟರು ತಮಗೆ ತಾವೇ.

"ಹೌದು. ಟೀಚರು ಹೋಗಿದ್ದು ಗುರುವಾರ. ಬೆಳಿಗ್ಗೆ ಹೋಗುವಾಗ ಅವರಿಗೆ ಗೇಟು ಸಿಕ್ಕಿರಲ್ಲ. ವ್ಯೂ ಪಾಯಿಂಟಲ್ಲಿ ಕಾರು ಖಾಲಿ ನಿಂತಿದ್ದನ್ನ ಸೈಕಲ್ ಸವಾರರು ಇಬ್ಬರು ನೋಡಿದ್ದು ಎಷ್ಟು ಹೊತ್ತಿಗೆ?"

"ಎರಡೂವರೆಗೆ." ಇನ್ಸ್‌ಪೆಕ್ಟರು ಫೈಲು ನೋಡಲೂ ಇಲ್ಲ.

ಅತ್ತೆ ಡಾಕ್ಟರ ಕಡೆ ತಿರುಗಿದರು. "ಎರಡೂವರೆಗೆ ಮುಂಚೆಯೇ ಕಣಿವೆಗೆ ಬಿದ್ದ ಅಕ್ಕ ಮೂರೂ ಇಪ್ಪತ್ತೈದಕ್ಕೆ ಗೇಟಿನ ಮುಂದೆ ಕೂತು ಬೇಜಾರು ಅಂತ ಫೋನ್ ಮಾಡಿದ್ರು. ಹಾಗಿದ್ದರೆ ಅವರು ಸತ್ತಿಲ್ಲ. ಇಲ್ಲಾಂದ್ರೆ, ಗೇಟಿನ ಮುಂದೆ ಕೂತೋರು ಅವರಲ್ಲ, ನೀವು. ಎರಡರಲ್ಲಿ ಯಾವುದನ್ನ ಬರ್ಕೊಳ್ಳಲಿ ಹೇಳಿ. ನನ್ನ ಹಾಳೆಯಲ್ಲಿ ಜಾಗ ಬೇಕಾದಷ್ಟಿದೆ."

ಹೊರಗೆ ಯಾರೋ ಕಾರಿನ ಗಾಜಿಗೆ ನೀರು ಸುರಿದ ಸದ್ದು ಕೇಳಿಸಿತು.

ಇನ್ಸ್‌ಪೆಕ್ಟರು ಸಹಿ ಆಗದೆ ಉಳಿದಿದ್ದ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಹದಿನೆಂಟು ದಿನದಲ್ಲಿ ಮೊದಲ ಬಾರಿಗೆ ಅವರು ಫೈಲನ್ನು ತೆರೆದಿಟ್ಟರು. "ಡಾಕ್ಟ್ರೇ, ನಿಮ್ಮ ಕಾರ್ಡು ಹೊರಗೆ ಬಂದಿಲ್ಲ. ನೀವು ಹೇಗೆ ಬಂದ್ರಿ?"

ಹಲ್ಲಿನ ಡಾಕ್ಟರು ಕರವಸ್ತ್ರವನ್ನು ನೀಟಾಗಿ ಮಡಿಸಿ ಜೇಬಿಗಿಟ್ಟರು. ಓಡಿಹೋಗಬಹುದು ಎಂದು ಅತ್ತೆ ಬಾಗಿಲ ಕಡೆ ಕಣ್ಣಿಟ್ಟಿದ್ದರು. ಡಾಕ್ಟರು ಓಡಲಿಲ್ಲ. ಕುರ್ಚಿಗೆ ಒರಗಿ ಆರಾಮವಾಗಿ ಕೂತರು.

"ಪಕ್ಕದ ಕ್ಯಾಬಿನ್ನಿನ ಮುದುಕರು ಹಾಸಿಗೆ ಬಿಟ್ಟು ಏಳೋರಲ್ಲ. ಅವರ ಕಾರ್ಡು ಮೇಜಿನ ಮೇಲಿತ್ತು. ಬಾಗಿಲಲ್ಲಿ ಮುಖ ನೋಡೋರು ಯಾರು? ಯಂತ್ರ ಟಿಂಗ್ ಅಂದ್ರೆ ಮುಗೀತು. ಅಕ್ಕ ನನಗೆ ಹೇಳದೆ ಇಳಿದುಬಿಟ್ಟಿದ್ಲು. ಹಡಗು ಹತ್ತಿದಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ಲು. ಕರೆದುಕೊಂಡು ಬರೋಣ ಅಂತ ಹೋದೆ. ನಾನು ಹೋಗೋಷ್ಟರಲ್ಲಿ ಕಾರು ಖಾಲಿ. ಹೆದರಿ ವಾಪಸ್ ಬಂದೆ. ನಾಲ್ಕೂ ಇಪ್ಪತ್ತೆಂಟಕ್ಕೆ ಏಣಿ ಹತ್ತಿದೆ. ಇನ್ನೆರಡು ನಿಮಿಷ ಆಗಿದ್ದರೆ ನಾನೂ ಇಲ್ಲೇ ಉಳೀತಿದ್ದೆ."

"ಅಷ್ಟು ದೂರ ಹೇಗೆ ಹೋದ್ರಿ? ನಿಮ್ಮ ಹೆಸರಲ್ಲಿ ಈ ಊರಲ್ಲಿ ಯಾರೂ ಕಾರು ಕೊಟ್ಟಿಲ್ಲ," ಎಂದರು ಇನ್ಸ್‌ಪೆಕ್ಟರು.

"ನಾನು ಸ್ಟೀರಿಂಗ್ ಮುಟ್ಟಲೇ ಇಲ್ಲ. ಪಕ್ಕದ ಸೀಟಲ್ಲಿ ಕೂತಿದ್ದೆ." ಡಾಕ್ಟರು ಅತ್ತೆಯ ಕಡೆ ನೋಡಿ ನಕ್ಕರು. ಅಷ್ಟು ಚೆಂದದ ಹಲ್ಲುಗಳನ್ನು ಅತ್ತೆ ಎಲ್ಲೂ ನೋಡಿರಲಿಲ್ಲ. "ನಿಮ್ಮ ಲೆಕ್ಕ ತಪ್ಪಿದ್ದಿಲ್ಲ ಅಂದ್ರಲ್ಲ. ಆವತ್ತು ಗೇಟಿನ ಮುಂದೆ ಅರ್ಧ ಗಂಟೆ ನನ್ನ ಜೊತೆ ಕೂತಿದ್ದ ಡ್ರೈವರು ಯಾರು ಅಂತ ನಿಮ್ಮ ಪುಟ್ಟಿನ ಕೇಳಿ."

ಅತ್ತೆ ತಿರುಗಿ ನೋಡಿದರು.

ಸುಳ್ಳು ಎಂದು ಕೂಗುತ್ತಾಳೆ, ಮೇಜು ಕುಟ್ಟುತ್ತಾಳೆ, ಆ ಚೆಂದದ ಹಲ್ಲುಗಳಲ್ಲಿ ಎರಡು ಉದುರಿಸುತ್ತಾಳೆ ಎಂದೇ ಅವರು ಎದುರು ನೋಡಿದ್ದರು. ಪುಟ್ಟಿ ಅಂಥವಳೇ. ಆದರೆ ಪುಟ್ಟಿ ಕೀಲಿಕೈಗಳ ಹಲಗೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಬರೀ ಭಯವಿತ್ತು. ಆ ಭಯ ಇನ್ಸ್‌ಪೆಕ್ಟರ ಕಡೆಗಲ್ಲ, ಡಾಕ್ಟರ ಕಡೆಗೆ.

"ಏನೇ ಇದು?" ಎಂದರು ಅತ್ತೆ. "ಆವತ್ತು ಇಡೀ ದಿನ ಗ್ಯಾರೇಜಲ್ಲಿದ್ದೆ ಅಂದಿದ್ದೆಯಲ್ಲ?"

"ಹೇಳಮ್ಮಾ," ಎಂದರು ಇನ್ಸ್‌ಪೆಕ್ಟರು. ಅವರ ಪೆನ್ನಿನ ಮುಚ್ಚಳ ಆಗಲೇ ತೆರೆದಿತ್ತು.

ಪುಟ್ಟಿ ಕೌಂಟರು ಸುತ್ತಿಕೊಂಡು ಬಂದಳು. ಚಿಕ್ಕವಳಿದ್ದಾಗ ಏನಾದರೂ ಒಡೆದುಹಾಕಿ ಬಂದರೆ ಹೇಗೋ ಹಾಗೆ, ಅತ್ತೆಯ ಕುತ್ತಿಗೆಗೆ ಕೈ ಹಾಕಿ, ಕಿವಿಗೆ ಬಾಯಿ ಹಚ್ಚಿದಳು. ಅವಳ ಉಸಿರು ಬಿಸಿಯಾಗಿತ್ತು.

"ಅತ್ತೆ, ಈ ಮನುಷ್ಯನನ್ನ ಹೇಗಾದ್ರೂ ಮಾಡಿ ಹಡಗು ಹತ್ತಿಸು. ಅಂಗಡಿ ಹೋದರೆ ಹೋಗ್ಲಿ. ಖಾಲಿ ಕಾರು ಕಣ್ಣಾರೆ ನೋಡ್ಲಿ ಅಂತಲೇ ಆವತ್ತು ಇವನನ್ನ ಕರ್ಕೊಂಡು ಹೋಗಿದ್ದೆ. ಟೀಚರು ಮೊನ್ನೆ ಕೂಡ ಅಳ್ತಾ ಇದನ್ನೇ ಕೇಳ್ಕೊಂಡ್ರು."

ಡಾಕ್ಟರು ಇಬ್ಬರ ತುಟಿಗಳನ್ನೂ ನೆಟ್ಟ ನೋಟದಿಂದ ನೋಡುತ್ತಿದ್ದರು.

ಅತ್ತೆಯ ತಲೆ ಅಭ್ಯಾಸಬಲದಿಂದ ತಾನಾಗಿಯೇ ಲೆಕ್ಕ ಹಾಕಿತು. ಇವತ್ತು ಸೋಮವಾರ. ಮೊನ್ನೆ ಅಂದರೆ ಶನಿವಾರ. ಟೀಚರು ಕಣಿವೆಗೆ ಬಿದ್ದು ಹದಿನಾರನೇ ದಿನ.